ಮೀಟರ್ ಹಿಡಿಯುವ ಕೈ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ, ಹೋಳಿಗೆ ಬರುತ್ತದೆಯೇ ಎಂದು ಕೇಳುವುದಿಲ್ಲ. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ಮಗೂಗೆ ಮೀಟ್ರು ಹಿಡಿಯೋಕೆ ಬರುತ್ತಾ?" ಎನ್ನುತ್ತಾರೆ. ನನ್ನನ್ನೂ ಮೂರು ಮನೆಯವರು ಹೀಗೆ ಕೇಳಿದ್ದರು. ಮೂರು ಸಲವೂ ಬರುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು. ಆ ಮೂವರು ಗಂಡುಗಳ ಮುಖ ನೋಡಿದ ಮೇಲೆ ನಿಜ ಹೇಳಲು ಕಷ್ಟವೂ ಆಗಲಿಲ್ಲ. ಹೀಗಾಗಿ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಊರ ಹೆಂಗಸರ ರವಿಕೆ ಹೊಲಿಯುತ್ತ ನಲವತ್ತಾರು ಮುಟ್ಟಿದೆ. ಹೆಸರು ಚೆಲುವಾಂಬ. ಹೆಸರಿಟ್ಟವರು ನನ್ನನ್ನು ಸರಿಯಾಗಿ ನೋಡದೆ ಇಟ್ಟಿರಬೇಕು.

ನಮ್ಮಲ್ಲಿ ಸತ್ತವರು ಕೂಡಲೇ ಹೋಗಿಬಿಡುವುದಿಲ್ಲ. ತಮ್ಮ ಕಾರಿಗೆ ಬಂದು ಕೂರುತ್ತಾರೆ. ಕೂತು ಯಾವುದಾದರೂ ಒಂದು ಫ್ಯೂಸನ್ನು ಹಿಡಿದುಕೊಂಡು ಬ್ಯಾಟರಿಯಿಂದ ಕರೆಂಟು ಎಳೆಯುತ್ತಿರುತ್ತಾರೆ. ಬೀಗ ಹಾಕಿ ನಿಲ್ಲಿಸಿದ ಕಾರು ಒಳಗಿನ ಗಡಿಯಾರಕ್ಕೆಂದು ಸೊನ್ನೆ ಪಾಯಿಂಟ್ ಸೊನ್ನೆ ಮೂರು ಆಂಪಿಯರ್ ಎಳೆದರೆ ಅದು ಸಹಜ. ಅದಕ್ಕಿಂತ ಹೆಚ್ಚು ಎಳೆಯುತ್ತಿದ್ದರೆ ಒಳಗೆ ಜನ ಇದ್ದಾರೆ ಎಂದರ್ಥ. ಆಗ ಮನೆಯವರೇ ಬ್ಯಾಟರಿಗೆ ಮೀಟರ್ ಸಿಕ್ಕಿಸಿ, ಒಂದೊಂದೇ ಫ್ಯೂಸ್ ಕಿತ್ತು ನೋಡಬೇಕು. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಅದು ಅವರು ಹಿಡಿದದ್ದು. ಅದು ಕೈಬಿಟ್ಟಿತೆಂದರೆ ಅವರು ಹೊರಡುತ್ತಾರೆ. ಒಂದೇ ಒಲೆಯ ಅನ್ನ ಉಂಡವರು ಮಾತ್ರ ಈ ಕೆಲಸ ಮಾಡಬಹುದು. ಊರಿನ ಮೆಕ್ಯಾನಿಕ್‌ಗಳು ಟೈರು, ಆಯಿಲ್ಲು ಎಲ್ಲ ನೋಡುತ್ತಾರೆ, ಆದರೆ ಸಾವಾದ ಮನೆಯ ಕಾರಿನ ಬಾನೆಟ್ಟಿಗೆ ಎಷ್ಟು ಬೇಡಿಕೊಂಡರೂ ಕೈ ಹಾಕುವುದಿಲ್ಲ. ಕಾರಿಲ್ಲದವರು ಏನು ಮಾಡುತ್ತಾರೆ ಎಂದು ಹೊರಗಿನವರು ಕೇಳುವುದುಂಟು. ನಮ್ಮಲ್ಲಿ ಕಾರಿಲ್ಲದ ಮನೆಯೇ ಇಲ್ಲ. ಓಡದಿದ್ದರೂ ಸರಿ, ಒಂದು ಹಳೆಯ ಗಾಡಿ ಅಂಗಳದಲ್ಲಿ ನಿಂತಿರುತ್ತದೆ.

ಯಾರು ಯಾವ ಫ್ಯೂಸ್ ಹಿಡಿದಿದ್ದರು ಎಂಬುದು ಹದಿಮೂರನೆಯ ದಿನದ ಊಟದ ಪಂಕ್ತಿಯಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. ಪಕ್ಕದ ಮನೆಯ ಪಂಚಾಕ್ಷರಯ್ಯನವರ ತಂದೆ ವೈಪರಿನ ಫ್ಯೂಸ್ ಹಿಡಿದಿದ್ದರು. ಇದ್ದಾಗಲೂ ಗಾಜಿನ ಮೇಲೆ ಧೂಳು ಕಂಡರೆ ಮನೆ ತಲೆಕೆಳಗು ಮಾಡುತ್ತಿದ್ದ ಮನುಷ್ಯ. ಶಾಲೆಯ ಕನ್ನಡ ಮೇಡಂ ಹಾರನ್ನಿನದು ಹಿಡಿದಿದ್ದರು, ಹೇಳಬೇಕಾದ ಮಾತು ಇನ್ನೂ ಬಾಕಿ ಇತ್ತೆಂದು ಜನ ಆಡಿಕೊಂಡರು. ಜನ ನಗುತ್ತಾರೆ, ಅಳುತ್ತಾರೆ, ಇನ್ನೊಂದು ಸೌಟು ಪಾಯಸ ಹಾಕಿಸಿಕೊಳ್ಳುತ್ತಾರೆ. ನಾನೂ ಎಷ್ಟೋ ಮನೆಗಳಲ್ಲಿ ಹಾಗೆ ಉಂಡು ಬಂದವಳೇ.

ನಗುವಂತಿಲ್ಲದ ಸಂಗತಿಗಳು ಎರಡು. ಬ್ಯಾಟರಿಯ ತಂತಿಯನ್ನು ಸುಮ್ಮನೆ ಬಿಚ್ಚಿ ಎಸೆಯುವಂತಿಲ್ಲ. ಮರ ಕೊಯ್ಯುವ ಸಾಮಿಲ್ಲಿನವರು ಒಮ್ಮೆ ಹಾಗೆ ಮಾಡಿದರು. ಅವರ ಸೋದರತ್ತೆ ಹೊರಡುವ ಬದಲು ದಾರಿ ತಪ್ಪಿದರು. ಒಂದು ತಿಂಗಳು ಆ ಬೀದಿಯ ಕಾರುಗಳಲ್ಲಿ ಒಂದಾದ ಮೇಲೊಂದರಂತೆ ಹಾರನ್ ತಾನಾಗಿ ಕೂಗುತ್ತಿತ್ತು, ಮಟಮಟ ಮಧ್ಯಾಹ್ನ, ಇದು ನಮ್ಮನೆಯಾ, ಇದು ನಮ್ಮನೆಯಾ ಎಂದು ಕೇಳಿದ ಹಾಗೆ. ಎರಡನೆಯದು, ಒಳಗೆ ಜನ ಇದ್ದಂತೆಯೇ ಬ್ಯಾಟರಿ ಪೂರ್ತಿ ಇಳಿದುಹೋದರೆ ಅವರು ಅಲ್ಲೇ ಉಳಿಯುತ್ತಾರೆ. ಅಂಥ ಕಾರುಗಳು ಊರಿನಲ್ಲಿ ಹನ್ನೊಂದು ಇವೆ. ಅಂಚೆ ಕಚೇರಿಯ ಎದುರಿಗೆ ಇರುವ ಹಸಿರು ಕಾರಿನ ಗಾಜುಗಳು ಏಪ್ರಿಲ್ ತಿಂಗಳ ಬಿಸಿಲಲ್ಲೂ ಒಳಗಿನಿಂದ ಮಂಜಾಗಿರುತ್ತವೆ. ಆ ಮಂಜನ್ನು ಯಾರೋ ಅಂಗೈಯಿಂದ ಒರೆಸಿದ ಗುರುತು ದಿನಕ್ಕೊಂದು ಜಾಗದಲ್ಲಿ ಇರುತ್ತದೆ. ಅದರ ಪಕ್ಕ ಹಾಯುವಾಗ ನಾವೆಲ್ಲ ಚಪ್ಪಲಿ ಸಪ್ಪಳ ಮಾಡದೆ ನಡೆಯುತ್ತೇವೆ.

ನನ್ನ ಅಣ್ಣ ನಂಜರಾಜ ಒಂದು ಸೋಮವಾರ ಬೆಳಿಗ್ಗೆ, ದವಡೆ ಹಲ್ಲು ತೋರಿಸಿಕೊಂಡು ಬರುತ್ತೇನೆಂದು ಹೇಳಿ ಹೊರಟ. ಕಾರಿನ ಟೈರು ಪಂಕ್ಚರ್ ಆಗಿತ್ತು, ಬಸ್ಸು ಹತ್ತಿದ. ಹಲ್ಲಿನ ಡಾಕ್ಟರ ಹತ್ತಿರ ಅವನು ಹೋಗಲೇ ಇಲ್ಲ. ಮಧ್ಯದ ಒಂದು ನಿಲ್ದಾಣದಲ್ಲಿ ಚಹಾ ಕುಡಿಯಲು ಇಳಿದ ಎಂದು ಕಂಡಕ್ಟರ್ ಹೇಳಿದ. ಆಮೇಲೆ ಹತ್ತಿದನೋ ಇಲ್ಲವೋ ಅವನಿಗೆ ನೆನಪಿಲ್ಲ. ಪೊಲೀಸರು ಫೋಟೋ ತೆಗೆದುಕೊಂಡು ಹೋದರು. ನಾನು ಆ ನಿಲ್ದಾಣಕ್ಕೆ ಒಂಬತ್ತು ಸಲ ಹೋಗಿ ಬಂದೆ, ಅಲ್ಲಿನ ಚಹಾದವನು ನನ್ನನ್ನು ಕಂಡರೆ ಮುಖ ತಿರುಗಿಸುವಷ್ಟು. ಅಪ್ಪ ಅಮ್ಮ ಬೇಗ ಹೋದ ಮೇಲೆ ನನಗೆ ತಲೆ ಬಾಚಿ ಶಾಲೆಗೆ ಬಿಟ್ಟವನು ಅವನು. ಅವನಿಲ್ಲದ ಮನೆಯಲ್ಲಿ ನಾನು ಮತ್ತು ಅವನ ಹೆಂಡತಿ, ಮಂಗಳತ್ತಿಗೆ, ಇಬ್ಬರೇ ಉಳಿದೆವು. ಅಂಗಳದಲ್ಲಿ ಬೂದು ಬಣ್ಣದ ಕಾರು ಉಳಿಯಿತು.

ಬೇರೆ ಊರಾಗಿದ್ದರೆ ಕಾಯುವುದೊಂದೇ ದಾರಿ. ನಮ್ಮ ಊರಿನಲ್ಲಿ ತಿಳಿದುಕೊಳ್ಳಲು ಅರ್ಧ ಗಂಟೆ ಸಾಕು. ಬಾನೆಟ್ ಎತ್ತಿ, ಮೀಟರ್ ಸಿಕ್ಕಿಸಿದರೆ ಮುಗಿಯಿತು. ಅಂಕಿ ಸಣ್ಣದಿದ್ದರೆ ಅಣ್ಣ ಎಲ್ಲೋ ಬದುಕಿದ್ದಾನೆ. ದೊಡ್ಡದಿದ್ದರೆ ಇಲ್ಲ. ಊರವರೆಲ್ಲ ಇದನ್ನೇ ಹೇಳಿದರು, ಮೆತ್ತಗೆ, ರವಿಕೆಯ ಅಳತೆ ಕೊಡುವ ನೆಪದಲ್ಲಿ. ನನಗೆ ಹೆದರಿಕೆ. ಅಣ್ಣ ಇಲ್ಲ ಎಂಬ ಮಾತು ನನ್ನ ಕೈಯಿಂದ ಮನೆಯೊಳಗೆ ಬರುವುದು ನನಗೆ ಬೇಡವಾಗಿತ್ತು. ಅತ್ತಿಗೆಗಾಗಿ ತಡೆಯುತ್ತಿದ್ದೇನೆ, ಅವರ ಹಣೆಯ ಕುಂಕುಮ ಉಳಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. "ಮೀಟ್ರು ಇಲ್ಲವಲ್ಲ ಅತ್ತಿಗೆ, ಮೊದಲು ಒಂದು ತರೋಣ" ಎಂದೆ. ಅತ್ತಿಗೆ ನನ್ನ ಮುಖ ನೋಡಿ, "ತಗೊಂಡು ಬಾ. ನಿಧಾನವಾಗಿ ನೋಡಿ ಒಳ್ಳೇದೇ ತಗೊಂಡು ಬಾ" ಎಂದರು.

ಮೀಟರ್ ಅಂಗಡಿ ಇಟ್ಟಿರುವವರು ಪುಟ್ಟತಾಯಮ್ಮ. ಎಂಬತ್ತರ ಹತ್ತಿರದ ಮುದುಕಿ, ದಪ್ಪ ಕನ್ನಡಕ, ಗಿರಾಕಿಯ ಮುಖ ನೋಡುವ ಮೊದಲು ಕೈ ನೋಡುತ್ತಾರೆ. ನಡುಗುವ ಕೈಗೆ ದೊಡ್ಡ ಅಂಕಿಯ ಮೀಟರ್ ಕೊಡುತ್ತಾರೆ, ಬೆವರುವ ಕೈಗೆ ರಬ್ಬರ್ ಹೊದಿಕೆಯದು. ನನ್ನ ಕೈ ನೋಡಿ, "ಹೊಲಿಗೆ ಕೈ. ಇದಕ್ಕೆ ಕಲಿಸೋದು ಸುಲಭ" ಎಂದರು. ಹಳದಿ ಬಣ್ಣದ ಮೀಟರ್ ಒಂದನ್ನು ನನ್ನ ಮುಂದಿಟ್ಟು ಅದರ ಕೆಳಗಿನ ತೂತುಗಳನ್ನು ತೋರಿಸಿದರು.

"ನೋಡಮ್ಮ, ಕರೀ ವೈರು ಯಾವಾಗ್ಲೂ ಇಲ್ಲೇ. ಕೆಂಪು ವೈರಿಗೆ ಎರಡು ಜಾಗ ಅವೆ. ಇದು ಹತ್ತು ಆಂಪಿಯರ್ ತಡೀತದೆ, ದೊಡ್ಡದು. ಇದು ಸಣ್ಣದು, ಮಿಲಿ ಆಂಪಿಯರಿಗೆ. ಮೊದ್ಲು ದೊಡ್ಡದಕ್ಕೇ ಹಾಕ್ಬೇಕು. ಸಣ್ಣದಕ್ಕೆ ಹಾಕ್ದಾಗ ಜಾಸ್ತಿ ಕರೆಂಟು ಬಂತೋ, ಮೀಟ್ರೊಳಗಿನ ಫ್ಯೂಸು ಸುಟ್ಟು ಸೊನ್ನೆ ತೋರಿಸ್ತದೆ. ಸೊನ್ನೆ ಕಂಡು ಕುಣಿದೋರು ಬೇಕಾದಷ್ಟು ಜನ ಅವ್ರೆ ಈ ಊರಲ್ಲಿ."

ತಲೆಯಾಡಿಸಿದೆ. ಮೀಟರ್ ಮನೆಗೆ ಬಂತು. ಬಂದದ್ದನ್ನು ಎಲ್ಲಿಡುವುದು? ಬೀರುವಿನಲ್ಲಿ ಇಟ್ಟರೆ ವೈರು ಗಂಟಾಗುತ್ತದೆ, ಡಬ್ಬಿಯಲ್ಲಿ ಇಟ್ಟರೆ ಮೊನೆ ಮುರಿಯುತ್ತದೆ. ಆದ್ದರಿಂದ ಮೊದಲು ಒಂದು ಚೀಲ ಹೊಲಿಯಬೇಕು ಎಂದುಕೊಂಡೆ. ದಪ್ಪ ಕಾಟನ್ ಬಟ್ಟೆಯಲ್ಲಿ, ಸುತ್ತಿಡಬಹುದಾದ ಹಾಗೆ, ಒಳಗೆ ಜೇಬುಗಳಿರುವ ಉದ್ದನೆಯ ಚೀಲ. ಹೊಲಿದು ಮುಗಿಸಿದಾಗ ಜೇಬು ಎಂಟಾಗಿದ್ದವು, ಇದ್ದ ಸಾಮಾನು ಒಂದು. ಖಾಲಿ ಜೇಬು ಕಂಡರೆ ನನಗಾಗುವುದಿಲ್ಲ. ಮತ್ತೆ ಪುಟ್ಟತಾಯಮ್ಮನ ಅಂಗಡಿಗೆ ಹೋದೆ.

ಟೆಸ್ಟ್ ಲ್ಯಾಂಪ್ ತಂದೆ, ಸ್ಕ್ರೂ ಡ್ರೈವರಿನಂಥ ಹಿಡಿಕೆಯೊಳಗೆ ಪುಟ್ಟ ಬಲ್ಬು ಇರುವಂಥದ್ದು. ಫ್ಯೂಸ್ ಕೀಳುವ ಪ್ಲಾಸ್ಟಿಕ್ ಚಿಮಟ ತಂದೆ. ತಂತಿಯನ್ನು ಮುಟ್ಟದೆ ತಬ್ಬಿಕೊಂಡು ಅಳೆಯುವ ಕ್ಲ್ಯಾಂಪ್ ಮೀಟರ್ ತಂದೆ, ಅಷ್ಟು ಸಣ್ಣ ಕರೆಂಟು ಅದಕ್ಕೆ ಸರಿಯಾಗಿ ಕಾಣುವುದಿಲ್ಲ ಎಂದು ಪುಟ್ಟತಾಯಮ್ಮ ಹೇಳಿದರೂ ಬಿಡಲಿಲ್ಲ. ಸ್ಟೀರಿಂಗ್ ಕೆಳಗೆ ಚುಚ್ಚಿದರೆ ಕಾರಿನ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ಹೇಳುವ ಸ್ಕ್ಯಾನರ್ ಕೇಳಿದಾಗ ಮುದುಕಿ ಕನ್ನಡಕ ತೆಗೆದು ಒರೆಸಿದರು. "ಅದು ಬದುಕಿರೋರ ತಪ್ಪು ಹೇಳೋ ಸಾಮಾನು ಕಣಮ್ಮ. ಇದಕ್ಕೆ ಬರಲ್ಲ." ಇರಲಿ ಕೊಡಿ ಎಂದೆ. ಬಿಡಿ ಫ್ಯೂಸುಗಳನ್ನು ಗುಂಡಿ ಇಡುವ ಪುಟ್ಟ ಡಬ್ಬಿಗಳಲ್ಲಿ ಬಣ್ಣದ ಪ್ರಕಾರ ಹಾಕಿದೆ, ಕೆಂಪು ಹತ್ತು, ನೀಲಿ ಹದಿನೈದು, ಹಳದಿ ಇಪ್ಪತ್ತು. ಕ್ಲಿಪ್ಪುಗಳಿಗೆ, ಟೇಪಿಗೆ, ಮರಳು ಕಾಗದಕ್ಕೆ ಬೇರೆ ಬೇರೆ ಜೇಬು. ಪ್ರತಿ ಜೇಬಿನ ಮೇಲೆ ಸಾಮಾನಿನ ಹೆಸರನ್ನು ಕೆಂಪು ದಾರದಲ್ಲಿ ಕಸೂತಿ ಹಾಕಿದೆ. ಒಂದು ಅಕ್ಷರ ಸೊಟ್ಟಗಾದರೆ ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಎರಡನೇ ಚೀಲ ಹೊಲಿದೆ. ಪ್ರತಿ ಶುಕ್ರವಾರ ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಒರೆಸಿ, ಟೆಸ್ಟ್ ಲ್ಯಾಂಪಿನ ಬಲ್ಬು ಉರಿಯುತ್ತದೆಯೇ ನೋಡಿ, ಮತ್ತೆ ಜೇಬಿಗೆ ಹಾಕುತ್ತಿದ್ದೆ. ಹೀಗೆ ಎರಡು ವರ್ಷ ಏಳು ತಿಂಗಳು ಕಳೆಯಿತು. ಕಾರಿನ ಬಾನೆಟ್ಟನ್ನು ನಾನು ಒಮ್ಮೆಯೂ ಎತ್ತಲಿಲ್ಲ.

ಊರಿನವರು ನನ್ನ ಚೀಲ ನೋಡಲು ಬರತೊಡಗಿದರು. ಅಂಥದ್ದೇ ನಮಗೂ ಹೊಲಿದು ಕೊಡು ಎಂದರು. ನಲವತ್ತೆರಡು ಚೀಲ ಹೊಲಿದೆ. ಆ ಚೀಲ ಬಿಚ್ಚಿ ನಲವತ್ತೆರಡು ಮನೆಯವರು ತಮ್ಮ ತಮ್ಮವರನ್ನು ಕಳಿಸಿಕೊಟ್ಟಿರಬೇಕು. ಒಂದು ದಿನ ಪುಟ್ಟತಾಯಮ್ಮ ನೇರವಾಗಿಯೇ ಹೇಳಿದರು. "ಚೆಲುವಮ್ಮ, ನನ್ನ ಅಂಗಡೀಲಿ ಜಾಸ್ತಿ ಸಾಮಾನು ತಗೊಳ್ಳೋರು ಯಾರು ಗೊತ್ತಾ? ಅಳೆಯೋಕೆ ಮನಸ್ಸಿಲ್ಲದೋರು." ನನಗೆ ಸಿಟ್ಟು ಬಂತು. ಆ ವಾರ ಅಂಗಡಿಗೆ ಹೋಗಲಿಲ್ಲ. ಮರುವಾರ ಹೋಗಿ ಇನ್ನೊಂದು ಜೊತೆ ಕ್ಲಿಪ್ ತಂದೆ.

ಅತ್ತಿಗೆ ಮಾತ್ರ ಒಂದು ದಿನವೂ ಆತುರಪಡಿಸಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಕಾರಿನ ಎಡಗಡೆ ಸೀಟಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು, ಇಲ್ಲವೇ ಸುಮ್ಮನೆ ಕೂತಿರುತ್ತಿದ್ದರು. ಅಲ್ಲಿ ತಂಪಾಗಿರುತ್ತದೆ ಎನ್ನುತ್ತಿದ್ದರು. ವಾರಕ್ಕೆರಡು ಸಲ ಬ್ಯಾಟರಿಗೆ ಚಾರ್ಜರ್ ಹಾಕುತ್ತಿದ್ದರು. ನಿಂತ ಗಾಡಿಯ ಬ್ಯಾಟರಿ ಹಾಳಾಗುತ್ತದೆ, ಹಾಕಬೇಕು ಎಂದರು. ನಾನು ಹೂಂ ಎಂದೆ. ಊರಿನ ಬೇರೆ ಯಾವ ನಿಂತ ಕಾರಿಗೂ ವಾರಕ್ಕೆರಡು ಸಲ ಚಾರ್ಜರ್ ಬೇಕಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದನ್ನು ಗೊತ್ತಿಲ್ಲದಂತೆ ಇಟ್ಟುಕೊಳ್ಳುವುದಕ್ಕೂ ಒಂದು ಜೇಬು ಬೇಕಾಗುತ್ತದೆ, ನನಗೆ ಅದನ್ನು ಹೊಲಿಯಲು ಬರುತ್ತಿತ್ತು.

ಈ ವರ್ಷ ಯುಗಾದಿಯಾದ ಮೂರನೆಯ ವಾರ, ಬೆಳಿಗ್ಗೆ, ಅತ್ತಿಗೆ ನನ್ನನ್ನು ಅಂಗಳಕ್ಕೆ ಕರೆದರು. ಬಾನೆಟ್ ಎತ್ತಿದ್ದರು. ಬ್ಯಾಟರಿಯ ಎರಡೂ ಪಕ್ಕ ಉಬ್ಬಿತ್ತು, ಉಸಿರು ಹಿಡಿದ ಹೊಟ್ಟೆಯ ಹಾಗೆ. "ಇನ್ನು ಚಾರ್ಜು ನಿಲ್ಲಲ್ಲ ಚೆಲುವಿ. ಎರಡು ದಿನ, ಹೆಚ್ಚಂದ್ರೆ ಮೂರು" ಎಂದರು. ಬೇರೆ ಬ್ಯಾಟರಿ ಹಾಕೋಣ ಎಂದು ನಾನು ಬಾಯಿ ತೆರೆದೆ. ಹಾಕಬೇಕಾದರೆ ಇದನ್ನು ಬಿಚ್ಚಬೇಕು. ಒಳಗೆ ಯಾರೂ ಇಲ್ಲವೆಂದು ಅಳೆದು ನೋಡದೆ ಬಿಚ್ಚುವಂತಿಲ್ಲ. ಬಿಚ್ಚದೆ ಬಿಟ್ಟರೆ, ಅಂಚೆ ಕಚೇರಿ ಎದುರಿನ ಹಸಿರು ಕಾರು. ಬಾಯಿ ಮುಚ್ಚಿಕೊಂಡೆ. ಅತ್ತಿಗೆ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕತೊಡಗಿದರು.

ಆ ದಿನ ಹೊಲಿಗೆ ಯಂತ್ರ ಮುಟ್ಟಲಿಲ್ಲ. ಹನ್ನೊಂದು ಗಂಟೆಗೆ ಚೀಲ ತಂದು ಕಾರಿನ ಮಡ್ಗಾರ್ಡಿನ ಮೇಲೆ ಹರಡಿದೆ. ಬಾಗಿಲುಗಳು ಮುಚ್ಚಿವೆಯೇ ನೋಡಿದೆ, ಕೀ ದೂರ ಇಟ್ಟೆ, ಕಾರಿನ ಬೇರೆ ಕರೆಂಟೆಲ್ಲ ತಾನಾಗಿ ನಿಲ್ಲಲೆಂದು ಅರ್ಧ ಗಂಟೆ ಕಾದೆ. ಕಪ್ಪು ವೈರನ್ನು ಅದರ ಜಾಗಕ್ಕೆ ಹಾಕಿದೆ. ಕೆಂಪು ವೈರನ್ನು ಕೈಯಲ್ಲಿ ಹಿಡಿದುಕೊಂಡು ದೇವರನ್ನು ಬೇಡಿಕೊಂಡೆ, ಸಣ್ಣ ಅಂಕಿ ಬರಲಿ, ಸಣ್ಣ ಅಂಕಿ ಬರಲಿ ಎಂದು. ಬೇಡಿಕೊಳ್ಳುತ್ತಲೇ ಸಿಕ್ಕಿಸಿದೆ. ಒಂದು ಕ್ಲಿಪ್ಪನ್ನು ಬ್ಯಾಟರಿಯ ಟರ್ಮಿನಲ್ಲಿಗೂ ಇನ್ನೊಂದನ್ನು ತಂತಿಗೂ ಕಚ್ಚಿಸಿ, ಪುಟ್ಟತಾಯಮ್ಮ ಕಲಿಸಿದಂತೆ, ಮೆಲ್ಲಗೆ ತಂತಿಯ ಹಿಡಿಯನ್ನು ಮೇಲೆತ್ತಿದೆ. ಇನ್ನು ಕರೆಂಟು ಮೀಟರಿನ ಮೂಲಕವೇ ಹರಿಯಬೇಕು. ಮೀಟರಿನೊಳಗೆ ಎಲ್ಲೋ ಟಿಕ್ ಎಂದಂತಾಯಿತು. ಗಾಜಿನ ಮೇಲೆ ಸೊನ್ನೆ ಬಂತು. ಸೊನ್ನೆ, ಪಾಯಿಂಟು, ಸೊನ್ನೆ ಸೊನ್ನೆ. ಅಲ್ಲೇ ನಿಂತಿತು.

ನಾನು ಕೂಗಿದೆ. ಏನು ಕೂಗಿದೆನೋ ನನಗೆ ನೆನಪಿಲ್ಲ, ಪಂಚಾಕ್ಷರಯ್ಯನವರು ಅರ್ಧ ಗಡ್ಡ ಹೆರೆದುಕೊಂಡವರು ಹಾಗೇ ಓಡಿ ಬಂದರು. ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದು, ಬಂದವರ ಕೈಗೆಲ್ಲ ಹಿಡಿ ಹಿಡಿ ಸುರಿದೆ. ಅಣ್ಣ ಬದುಕಿದ್ದಾನೆ, ನನ್ನ ಅಣ್ಣ ಬದುಕಿದ್ದಾನೆ. ಬೀದಿಯ ಆ ತುದಿಯಿಂದಲೂ ಹೆಂಗಸರು ಬಂದರು. ಯಾರೋ ನನ್ನನ್ನು ತಬ್ಬಿಕೊಂಡರು. ಎರಡು ವರ್ಷ ಏಳು ತಿಂಗಳಲ್ಲಿ ನಾನು ಮೊದಲ ಸಲ ನಕ್ಕಿದ್ದು ಆಗ.

ಅತ್ತಿಗೆ ಅಡುಗೆ ಮನೆಯಿಂದ ಸೌಟು ಹಿಡಿದುಕೊಂಡೇ ಬಂದರು. ಮೀಟರನ್ನು ಅವರು ನೋಡಲಿಲ್ಲ. ನೇರವಾಗಿ ಎಡಗಡೆಯ ಕಿಟಕಿಗೆ ಹೋಗಿ, ಕೈ ಅಡ್ಡ ಹಿಡಿದು ಒಳಗೆ ನೋಡಿದರು.  ಸೌಟು ನೆಲಕ್ಕೆ ಬಿತ್ತು. ಓಡಿ ಬಂದು, ನಾನು ಎತ್ತಿಟ್ಟಿದ್ದ ತಂತಿಯನ್ನು ಹಿಡಿದು ಬ್ಯಾಟರಿಯ ಟರ್ಮಿನಲ್ಲಿಗೆ ಒತ್ತಿದರು, ಅಂಗೈಯಿಂದ ಒತ್ತಿ ಹಾಗೆಯೇ ಹಿಡಿದುಕೊಂಡು ನಿಂತರು.

"ಸೊನ್ನೆ ಬರಬಾರ್ದು ಚೆಲುವಿ. ಗಡಿಯಾರಕ್ಕಾದ್ರೂ ಒಂದಿಷ್ಟು ಬೇಕಲ್ವಾ? ಕೆಂಪು ವೈರು ಎಲ್ಲಿಗೆ ಹಾಕಿದೀಯ ನೋಡು."

ನೋಡಿದೆ. ಸಣ್ಣದಕ್ಕೆ ಹಾಕಿದ್ದೆ. ಸಣ್ಣ ಅಂಕಿ ಬೇಡುತ್ತಿದ್ದ ಕೈ ಸಣ್ಣ ತೂತನ್ನೇ ಹುಡುಕಿಕೊಂಡಿತ್ತು. ಮೀಟರಿನ ಫ್ಯೂಸ್ ಸುಟ್ಟಿದೆ ಎಂದರೆ ಜಾಸ್ತಿ ಕರೆಂಟು ಬಂದಿದೆ, ಸುಟ್ಟ ಕ್ಷಣದಿಂದ ತಂತಿ ಬಿಚ್ಚಿ ಎಸೆದ ಹಾಗೆಯೂ ಆಗಿದೆ. ಅಂಗಳದಲ್ಲಿ ನಿಂತಿದ್ದವರಿಗೆಲ್ಲ ಅದು ನನಗಿಂತ ಮೊದಲು ಅರ್ಥವಾಯಿತು. ಈ ಊರಿನವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೈಯಲ್ಲಿದ್ದ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಲೂ ಆಗದೆ, ಚೆಲ್ಲಲೂ ಆಗದೆ, ಮುಷ್ಟಿ ಬಿಗಿ ಹಿಡಿದುಕೊಂಡು ಹೋದರು.

ಅತ್ತಿಗೆ ತಂತಿಯಿಂದ ಕೈ ತೆಗೆಯದೆ, "ಹೋಗಿ ಒಳಗಡೆ ನೋಡು. ಬಂದ್ರಾ ನೋಡು" ಎಂದರು. ನಾನು ಕಿಟಕಿಗೆ ಹೋದೆ. ಎಡಗಡೆ ಸೀಟಿನ ನೆತ್ತಿಯ ಮೇಲೆ, ಚಾವಣಿಗೆ ಅಂಟಿಕೊಂಡು ಒಂದು ಪುಟ್ಟ ದೀಪ ಇದೆ, ಬೆರಳುಗುರಿನಷ್ಟು. ಬಿಸಿಲಲ್ಲಿ ಏನೂ ಕಾಣಲಿಲ್ಲ. ಸೆರಗು ಎತ್ತಿ ತಲೆಯ ಮೇಲೆ ಹೊದ್ದು, ಗಾಜಿಗೆ ಮುಖ ಒತ್ತಿದೆ. ಕಪ್ಪಗಿತ್ತು. ಎಷ್ಟೋ ಹೊತ್ತಾದ ಮೇಲೆ ದೀಪದೊಳಗಿನ ತಂತಿ ಕೆಂಪಗಾಯಿತು, ಆಮೇಲೆ ಹಳದಿಯಾಯಿತು. ದಾರಿ ತಪ್ಪಿ ಬಂದವರು ಬಾಗಿಲಲ್ಲಿ ನಿಂತು ಸುಧಾರಿಸಿಕೊಂಡ ಹಾಗಿತ್ತು ಅದು. ಬಲಗಡೆಯ ಸೀಟಿನ ಬಟ್ಟೆ ಮೆಲ್ಲಗೆ ಕುಸಿದು, ಒಬ್ಬ ಮನುಷ್ಯನ ಭಾರದಷ್ಟು ಕೆಳಗಿಳಿದು ನಿಂತಿತು. 

"ಬಂದ" ಎಂದೆ. ಅತ್ತಿಗೆ ತಂತಿಯನ್ನು ಮೊದಲಿನಂತೆ ಬಿಗಿದು, ಆಮೇಲೆ ಕೈ ತೆಗೆದರು.

ಮೆಟ್ಟಿಲ ಮೇಲೆ ಕೂತಾಗ ಕೇಳಿದೆ, "ಯಾವಾಗಿಂದ ಅತ್ತಿಗೆ?"

"ಅವರು ಹೋದ ಎರಡನೇ ವಾರದಿಂದ. ಸಂಜೆ ಸಾಮಾನು ತೆಗೆಯೋಕೆ ಅಂತ ಹೋದೆ. ನಾನು ಕೂರೋ ಜಾಗದಲ್ಲಿ ಮಾತ್ರ ಬೆಳಕಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ತೆಗೆದುಬಿಡ್ತಿದ್ದೆ, ಅಂದ್ಕೊಂಡೆ ಮೊದಲು. ಆಮೇಲೆ ನೀನು ತೆಗೆಯೋ ಹಾಗೆ ಕಾಣ್ಲಿಲ್ಲ." ಅವರು ತಮ್ಮ ಬಲಗೈ ಬೆರಳುಗಳನ್ನು ನನ್ನ ಮುಂದೆ ಚಾಚಿದರು. ಉಗುರುಗಳ ತುದಿ ಸೀಳಿತ್ತು, ಕಪ್ಪಗಾಗಿತ್ತು. "ಹೋದ ವರ್ಷ ಬ್ಯಾಟರಿ ಸೋಲೋಕೆ ಶುರುವಾದಾಗಿಂದ ನಾನೇ ಎಷ್ಟೋ ಸಲ ಎಳೆದಿದ್ದೀನಿ. ಬರಲ್ಲ. ಅವರ ಜೊತೆ ಕೂತ ಕೈಗೆ ಆ ಫ್ಯೂಸು ಬರಲ್ಲ ಅಂತ ಪುಟ್ಟತಾಯಮ್ಮ ಹೇಳಿದ್ರು. ಈ ಒಲೆ ಅನ್ನ ಉಂಡೋಳು ಇನ್ನು ನೀನೊಬ್ಬಳೇ. ಅದಕ್ಕೇ ಕಾದೆ. ನೀನು ಚೀಲ ಹೊಲೀತಿದ್ದಾಗೆಲ್ಲ, ಕಲೀತಿದಾಳೆ, ಕೈ ಗಟ್ಟಿಯಾಗ್ತಿದೆ, ಅಂದ್ಕೋತಿದ್ದೆ."

ನಾನು ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಅದರ ಜೊತೆಗೇ, ಹೇಳಲು ಮುಜುಗರವಾದರೂ ಹೇಳುತ್ತೇನೆ, ಹೊಟ್ಟೆಕಿಚ್ಚೂ ಆಯಿತು. ಅಷ್ಟು ದೂರದಿಂದ ಬಂದವನು ಅತ್ತಿಗೆಯ ತಲೆಯ ಮೇಲಿನ ದೀಪ ಹಿಡಿದ. ನಾನು ಹತ್ತು ಹೆಜ್ಜೆ ದೂರದಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದೆ, ನನಗಾಗಿ ಹಾರನ್ನನ್ನಾದರೂ ಒಂದು ಸಲ ಒತ್ತಬಾರದಿತ್ತೇ? ಅತ್ತುಬಿಟ್ಟೆ. ಅತ್ತಿಗೆ ಬೆನ್ನು ಸವರಿದರು. ಆಮೇಲೆ ಇಬ್ಬರೂ ಊಟ ಮಾಡಿದೆವು, ಸಾರು ತಳ ಹಿಡಿದಿತ್ತು.

ಮೂರು ಗಂಟೆಗೆ ಮತ್ತೆ ಅಂಗಳಕ್ಕೆ ಹೋದೆವು. ಅತ್ತಿಗೆ ಬೇರೆ ಸೀರೆ ಉಟ್ಟಿದ್ದರು, ತಲೆ ಬಾಚಿ ಹೂವು ಮುಡಿದಿದ್ದರು. ಎಡಗಡೆ ಬಾಗಿಲಿಗೆ ಕೈ ಹಾಕಿ ನಿಂತು, "ನಾನೇ ಅವರಿಗೆ ಹೇಳ್ತೀನಿ, ಹೊರಡಿ ಅಂತ. ನೀನು ತೆಗೆದ ತಕ್ಷಣ ಹೇಳ್ಬೇಕು ಚೆಲುವಿ. ಹೋದವರ ಹತ್ರ ಮಾತಾಡ್ತಾ ಕೂತ್ಕೊಳ್ಳೋ ಹಾಗೆ ಆಗ್ಬಾರ್ದು ನನಗೆ" ಎಂದರು. ಆಗಲಿ ಎಂದೆ. ಅವರು ಒಳಗೆ ಕೂತು ಬಾಗಿಲು ಹಾಕಿಕೊಂಡರು. ಗಾಜನ್ನು ನಾಲ್ಕು ಬೆರಳು ಇಳಿಸಿದ್ದರು.

ಕೆಂಪು ವೈರನ್ನು ದೊಡ್ಡ ಜಾಗಕ್ಕೆ ಹಾಕಿದೆ, ಸುಟ್ಟದ್ದು ಸಣ್ಣದರ ಫ್ಯೂಸ್ ಮಾತ್ರ. ಕ್ಲಿಪ್ ಕಚ್ಚಿಸಿ, ತಂತಿ ಎತ್ತಿದೆ. ಸೊನ್ನೆ ಪಾಯಿಂಟ್ ನಾಲ್ಕು ಮೂರು. ಅಂಕಿ ನಿಂತಲ್ಲಿ ನಿಲ್ಲದೆ ಸ್ವಲ್ಪ ಏರಿ ಸ್ವಲ್ಪ ಇಳಿಯುತ್ತಿತ್ತು, ನಾಲ್ಕು ನಾಲ್ಕು, ನಾಲ್ಕು ಎರಡು, ನಾಲ್ಕು ನಾಲ್ಕು, ನಿದ್ದೆ ಬಂದವನ ಉಸಿರಿನ ಲಯದಲ್ಲಿ. ಫ್ಯೂಸ್ ಡಬ್ಬಿ ಬ್ಯಾಟರಿಯ ಪಕ್ಕದಲ್ಲೇ ಇತ್ತು. ಮುಚ್ಚಳದ ಒಳಗಿನ ಚಿತ್ರದ ಪ್ರಕಾರ ದೀಪದ್ದು ಏಳನೆಯದು. ಅದು ಗೊತ್ತಿದ್ದೂ ಮೊದಲನೆಯದರಿಂದ ಶುರುಮಾಡಿದೆ. ಚಿಮಟದಿಂದ ಕಿತ್ತು, ಅಂಕಿ ನೋಡಿ, ಮತ್ತೆ ಒತ್ತಿ ಕೂರಿಸಿದೆ. ಎರಡನೆಯದು. ಮೂರನೆಯದು. ಬಾನೆಟ್ಟಿನ ಆಚೆಯಿಂದ ಅತ್ತಿಗೆಯ ಧ್ವನಿ ಕೇಳುತ್ತಿತ್ತು.

"ಹಿತ್ತಲ ನಲ್ಲಿ ಸೋರ್ತಿತ್ತಲ್ಲ, ವಾಷರ್ ಹಾಕಿಸ್ದೆ ರೀ. ನಿಮ್ಮ ನೀಲಿ ಅಂಗಿ ಯಾರಿಗೂ ಕೊಟ್ಟಿಲ್ಲ. ಅವತ್ತು ಬೆಳಿಗ್ಗೆ ನಾನು ಮುಖ ಗಂಟು ಹಾಕ್ಕೊಂಡಿದ್ದೆ, ಅದು ನಿಮ್ಮ ಮೇಲಿನ ಸಿಟ್ಟಲ್ಲ, ಹಾಲು ಒಡೆದುಹೋಗಿತ್ತು ಅಷ್ಟೇ. ಅದನ್ನ ಹೇಳ್ಬೇಕಿತ್ತು."

ಆರನೆಯದು. ಅಂಕಿ ಕದಲಲಿಲ್ಲ. ಏಳನೆಯದನ್ನು ಚಿಮಟ ಕಚ್ಚಿತು. ಅದು ಬಿಸಿಯಾಗಿತ್ತು, ಪ್ಲಾಸ್ಟಿಕ್ಕಿನ ಮೂಲಕವೂ ಗೊತ್ತಾಗುವಷ್ಟು. ಎಳೆದೆ. ಆ ಕಡೆಯಿಂದ ಯಾರೋ ಒಂದು ಕ್ಷಣ ಹಿಡಿದುಕೊಂಡರು, ಆಮೇಲೆ ನನ್ನ ಕೈಯ ಗುರುತು ಸಿಕ್ಕಿದವರಂತೆ ಬಿಟ್ಟುಕೊಟ್ಟರು. ಫ್ಯೂಸ್ ಈಚೆ ಬಂತು. ಕಾರಿನ ಬಲಗಡೆ ಒಂದಿಷ್ಟು ಮೇಲೆದ್ದಿತು. ಮೀಟರಿನಲ್ಲಿ ಸೊನ್ನೆ ಪಾಯಿಂಟ್ ಸೊನ್ನೆ ಮೂರು ಬಂದು, ಅಲುಗದೆ ನಿಂತಿತು. ನನ್ನ ಅಣ್ಣ ಹೋದ.

ಬಾನೆಟ್ಟಿನ ಕೆಳಗಿನ ಸಂದಿನಿಂದ ಒಳಗೆ ಇಣುಕಿದೆ. ಅತ್ತಿಗೆ ಕಣ್ಣು ಮುಚ್ಚಿಕೊಂಡು, ಬಲಗಡೆಗೆ ಮುಖ ಮಾಡಿ ಕೂತಿದ್ದರು. ತಲೆಯ ಮೇಲಿನ ದೀಪ ಆರಿತ್ತು. ಅವರ ಎಡಗೈ ಮಡಿಲಲ್ಲಿತ್ತು, ಬಲಗೈ ಪಕ್ಕದ ಸೀಟಿನ ಮೇಲೆ ಅಂಗೈ ಮೇಲಾಗಿ ಬಿಚ್ಚಿಕೊಂಡಿತ್ತು. ಮುಖದಲ್ಲಿ ನಗುವಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಬಿಟ್ಟರೆ ಆ ನಗುವನ್ನು ನಾನು ಆಮೇಲೆ ಕಂಡಿರಲಿಲ್ಲ.

"ಚೆಲುವಿ, ತೆಗೆದ್ಯಾ?" ಎಂದು ಕೇಳಿದರು, ಕಣ್ಣು ತೆರೆಯದೆ.

ಏಳನೇ ಫ್ಯೂಸ್ ನನ್ನ ಮುಷ್ಟಿಯಲ್ಲಿತ್ತು.

"ಇನ್ನೂ ಇಲ್ಲ ಅತ್ತಿಗೆ" ಎಂದೆ. "ಬಿಗಿಯಾಗಿದೆ, ಬರ್ತಾ ಇಲ್ಲ. ನೀವು ಮಾತಾಡ್ತಿರಿ."

ಅತ್ತಿಗೆ ಮಾತು ಮುಂದುವರಿಸಿದರು.